ಲೆಕ್ಕದ ವೇಗ ಮತ್ತು ಲೆಕ್ಕದ ಖಾತ್ರಿ: ಕಂಪೈಲರ್‌ಗೆ ನಾವು ಕೊಡುವ ಅನುಮತಿಗಳು

ಗದಗ ಜಿಲ್ಲೆಯ ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳ ದಾಖಲೆಯನ್ನು ಲೆಕ್ಕ ಹಾಕುವ ಒಂದು ಸಣ್ಣ ಪ್ರೋಗ್ರಾಮ್ ಇದೆಯೆಂದು ಇಟ್ಟುಕೊಳ್ಳೋಣ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ಪ್ರತಿ ದಾಖಲೆಯಲ್ಲಿರುವ ವೇಗದ ಘನವನ್ನು ತೆಗೆದು, ಎಲ್ಲವನ್ನೂ ಕೂಡಿ, ಸರಾಸರಿ ಕಂಡುಹಿಡಿಯುವುದು ಅದರ ಕೆಲಸ. ಹತ್ತು ನಿಮಿಷಕ್ಕೊಂದು ದಾಖಲೆಯಾದರೆ ವರ್ಷಕ್ಕೆ 52,560 ಸಾಲುಗಳಾಗುತ್ತವೆ; ಸೆಕೆಂಡಿಗೊಂದಾದರೆ 3,15,36,000. ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳ ಯಾವ ವಿದ್ಯಾರ್ಥಿಯಾದರೂ ಇದನ್ನು ಸಿ ಭಾಷೆಯಲ್ಲಿ ಒಂದು ಪುಟದೊಳಗೆ ಬರೆಯಬಲ್ಲರು. ಹಾಗೆ ಬರೆದದ್ದನ್ನು ಯಂತ್ರದ ಆದೇಶಗಳಾಗಿ ಬದಲಿಸುವ ತಂತ್ರಾಂಶವೇ ಕಂಪೈಲರ್. ಆ ಪ್ರೋಗ್ರಾಮನ್ನು ಜಿಸಿಸಿ ಎಂಬ ಕಂಪೈಲರ್‌ಗೆ ಕೊಡುವಾಗ ‘ಓ2’ ಎಂಬ ವೇಗದ ಆಯ್ಕೆಯ ಬದಲು, ಲೆಕ್ಕದ ಕೆಲವು ನಿಯಮಗಳನ್ನು ಸಡಿಲಿಸುವ ಅನುಮತಿಯನ್ನೂ ಕೊಡುವ ‘ಓಫಾಸ್ಟ್’ ಎಂದು ಬರೆದರೆ, ಕೂಡುವ ಲೂಪ್ (ಮತ್ತೆ ಮತ್ತೆ ನಡೆಯುವ ಸಾಲುಗಳು) ಹಲವು ಪಟ್ಟು ವೇಗವಾಗಿ ಓಡಬಹುದು. ಉತ್ತರದ ಕೊನೆಯ ಅಂಕಿಗಳೂ ಬದಲಾಗಬಹುದು. ಕೆಲವು ಸಂದರ್ಭಗಳಲ್ಲಿ ಬದಲಾಗುವುದು ಕೊನೆಯ ಅಂಕಿಗಳು ಮಾತ್ರವಲ್ಲ, ಇಡೀ ಉತ್ತರವೇ ಅರ್ಥವಿಲ್ಲದ್ದಾಗಬಹುದು. ಒಂದು ಅಕ್ಷರವನ್ನೂ ತಿದ್ದದ ಪ್ರೋಗ್ರಾಮ್ ಬೇರೆ ಉತ್ತರ ಕೊಡುವುದು ಹೇಗೆ ಎಂಬುದು ಸರಿಯಾಗಿ ತಿಳಿಯದೆ ಈ ಆಯ್ಕೆಯನ್ನು ಬಳಸಬಾರದು, ಹಾಗೆಯೇ ಅದನ್ನು ಕಂಡು ಹೆದರಲೂ ಬಾರದು ಎಂಬುದು ನನ್ನ ಅಭಿಪ್ರಾಯ.

ಮೂಲಕ್ಕೆ ಹೋದರೆ, ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ನಾವು ಬರೆದಂತೆಯೇ ಇಟ್ಟುಕೊಳ್ಳುವುದಿಲ್ಲ. ‘ಡಬಲ್’ ಎಂಬ ಮಾದರಿಯಲ್ಲಿ ಒಂದು ಸಂಖ್ಯೆಗೆ 64 ಬಿಟ್‌ಗಳ, ಅಂದರೆ 0 ಅಥವಾ 1 ಕೂರುವ 64 ಮನೆಗಳ, ಜಾಗವಿರುತ್ತದೆ. ಅದರಲ್ಲಿ 1 ಬಿಟ್ ಧನ-ಋಣ ಚಿಹ್ನೆಗೆ, 11 ಬಿಟ್ ಘಾತಕ್ಕೆ, 52 ಬಿಟ್ ಅಂಕಿಗಳಿಗೆ ಮೀಸಲು. ‘ಫ್ಲೋಟ್’ ಎಂಬ ಚಿಕ್ಕ ಮಾದರಿಯಲ್ಲಿ ಒಟ್ಟು 32 ಬಿಟ್‌ಗಳಿದ್ದು, ಅಂಕಿಗಳ ಪಾಲಿಗೆ 23 ಬರುತ್ತವೆ. ಮೂರರಿಂದ ಒಂದನ್ನು ಭಾಗಿಸಿದಾಗ ದಶಮಾಂಶದಲ್ಲಿ 0.333 ಎಂದು ಮುಗಿಯದೆ ಸಾಗುವಂತೆ, ದ್ವಿಮಾನ ಪದ್ಧತಿಯಲ್ಲಿ 0.1 ಕೂಡ ಮುಗಿಯದೆ ಸಾಗುತ್ತದೆ. ಆದ್ದರಿಂದ ಅದನ್ನು ಎಲ್ಲೋ ಒಂದು ಕಡೆ ಕತ್ತರಿಸಿ, ಹತ್ತಿರದ ಸಂಖ್ಯೆಗೆ ರೌಂಡ್ ಮಾಡಿ ಇಡಬೇಕಾಗುತ್ತದೆ. 0.1 ಮತ್ತು 0.2 ಕೂಡಿದರೆ ಡಬಲ್‌ನಲ್ಲಿ 0.30000000000000004 ಎಂದು ಬರುವುದು ಇದರಿಂದಲೇ. ಇಡುವಾಗ ಮಾತ್ರವಲ್ಲ, ಪ್ರತಿಯೊಂದು ಕೂಡುವಿಕೆ, ಗುಣಾಕಾರ, ಭಾಗಾಕಾರದ ನಂತರವೂ ಈ ರೌಂಡಿಂಗ್ ನಡೆಯುತ್ತದೆ.

1985ರಲ್ಲಿ ಐಇಇಇ 754 ಎಂಬ ಮಾನದಂಡ ಬರುವ ಮೊದಲು ಈ ರೌಂಡಿಂಗನ್ನು ಒಂದೊಂದು ಕಂಪನಿಯ ಯಂತ್ರ ಒಂದೊಂದು ರೀತಿಯಲ್ಲಿ ಮಾಡುತ್ತಿತ್ತು. ಆ ಮಾನದಂಡವನ್ನು ರೂಪಿಸುವುದರಲ್ಲಿ ಮುಖ್ಯ ಪಾತ್ರ ವಹಿಸಿದ ವಿಲಿಯಂ ಕಹಾನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಕೂಡು, ಕಳೆ, ಗುಣಿಸು, ಭಾಗಿಸು, ವರ್ಗಮೂಲ ಎಂಬ ಮೂಲ ಕ್ರಿಯೆಗಳಲ್ಲಿ ಯಾವುದನ್ನು ಮಾಡಿದರೂ, ಅನಂತ ಅಂಕಿಗಳಲ್ಲಿ ನಿಖರವಾಗಿ ಲೆಕ್ಕ ಹಾಕಿ ಕೊನೆಗೆ ಒಮ್ಮೆ ಮಾತ್ರ ರೌಂಡ್ ಮಾಡಿದರೆ ಎಷ್ಟು ಬರುತ್ತದೆಯೋ ಅಷ್ಟೇ ಬರಬೇಕು ಎಂದು ಆ ಮಾನದಂಡ ಹೇಳುತ್ತದೆ. ದೋಷವೇ ಇರುವುದಿಲ್ಲ ಎಂಬ ಮಾತು ಅಲ್ಲಿಲ್ಲ. ಎಷ್ಟು ದೋಷ, ಎಲ್ಲಿ, ಯಾವ ನಿಯಮದಂತೆ ಎಂಬುದು ಎಲ್ಲ ಯಂತ್ರಗಳಲ್ಲೂ ಒಂದೇ ಆಗಿರುತ್ತದೆ ಎಂಬ ಖಾತ್ರಿ ಮಾತ್ರ ಇದೆ, ಮತ್ತು ಆ ಖಾತ್ರಿಯ ಮೇಲೆಯೇ ಇಂದಿನ ವೈಜ್ಞಾನಿಕ ಲೆಕ್ಕಾಚಾರದ ಬಹುಭಾಗ ನಿಂತಿದೆ.

ಪ್ರತಿ ಹೆಜ್ಜೆಗೂ ರೌಂಡ್ ಮಾಡುವುದರಿಂದ ಶಾಲೆಯಲ್ಲಿ ಕಲಿತ ಒಂದು ನಿಯಮ ಮುರಿದುಬೀಳುತ್ತದೆ. ಮೂರು ಸಂಖ್ಯೆಗಳನ್ನು ಕೂಡುವಾಗ ಮೊದಲೆರಡನ್ನು ಮೊದಲು ಕೂಡಿದರೂ ಕೊನೆಯೆರಡನ್ನು ಮೊದಲು ಕೂಡಿದರೂ ಒಂದೇ ಎನ್ನುವ ಸಹವರ್ತನೀಯ ನಿಯಮ ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ, ಅಂದರೆ ಡಬಲ್ ಮತ್ತು ಫ್ಲೋಟ್ ಸಂಖ್ಯೆಗಳ ಲೆಕ್ಕದಲ್ಲಿ, ನಿಲ್ಲುವುದಿಲ್ಲ. 1ರ ಮುಂದೆ 16 ಸೊನ್ನೆಗಳಿರುವ ಸಂಖ್ಯೆಯ ಆಸುಪಾಸಿನಲ್ಲಿ ಡಬಲ್ ಮಾದರಿಯ ಅಕ್ಕಪಕ್ಕದ ಎರಡು ಸಂಖ್ಯೆಗಳ ನಡುವಿನ ಅಂತರವೇ 2. ಅಂಥ ಸಂಖ್ಯೆಗೆ 1 ಕೂಡಿಸಿದರೆ ಆ 1 ರೌಂಡಿಂಗ್‌ನಲ್ಲಿ ಹೋಗಿಬಿಡುತ್ತದೆ; ನಂತರ ಅದೇ ದೊಡ್ಡ ಸಂಖ್ಯೆಯನ್ನು ಕಳೆದರೆ ಉಳಿಯುವುದು 0. ಮೊದಲೇ ದೊಡ್ಡ ಸಂಖ್ಯೆಯಿಂದ ದೊಡ್ಡ ಸಂಖ್ಯೆಯನ್ನು ಕಳೆದು, ಆಮೇಲೆ 1 ಕೂಡಿಸಿದರೆ ಬರುವುದು 1. ಬೀಜಗಣಿತದಲ್ಲಿ ಒಂದೇ ಆಗಿರುವ ಎರಡು ಸಾಲುಗಳು ಯಂತ್ರದಲ್ಲಿ ಒಂದೇ ಅಲ್ಲ. ಆದ್ದರಿಂದ ಓ2 ಅಥವಾ ಅದಕ್ಕಿಂತ ಒಂದು ಹೆಜ್ಜೆ ಮೇಲಿನ ಓ3 ಎಂದು ಹೇಳಿದಾಗ ಜಿಸಿಸಿ ನಾವು ಬರೆದ ಕೂಡುವ ಕ್ರಮವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಪೂರ್ಣಾಂಕಗಳ ಮೊತ್ತವಾದರೆ ಅದು ಧಾರಾಳವಾಗಿ ಹಿಂದುಮುಂದು ಮಾಡುತ್ತದೆ. ದಶಮಾಂಶಗಳ ಮೊತ್ತವನ್ನು ಮಾತ್ರ ಮುಟ್ಟುವುದಿಲ್ಲ.

ಮುಟ್ಟದಿರುವುದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಇಂದಿನ ಪ್ರೊಸೆಸರ್‌ಗಳಲ್ಲಿ ಒಂದು ದಶಮಾಂಶ ಕೂಡುವಿಕೆಯ ಫಲಿತಾಂಶ ಸಿದ್ಧವಾಗಲು ಸಾಮಾನ್ಯವಾಗಿ ಮೂರು ನಾಲ್ಕು ಸೈಕಲ್‌ಗಳು (ಪ್ರೊಸೆಸರ್‌ನ ಗಡಿಯಾರದ ಮಿಡಿತಗಳು) ಬೇಕು, ಆದರೆ ಪ್ರತಿ ಸೈಕಲ್‌ನಲ್ಲೂ ಹೊಸ ಕೂಡುವಿಕೆಯನ್ನು ಆರಂಭಿಸುವ ಸಾಮರ್ಥ್ಯ ಅವಕ್ಕಿದೆ. ನಮ್ಮ ಲೂಪ್‌ನಲ್ಲಿ ಪ್ರತಿ ಹೊಸ ಮೌಲ್ಯವನ್ನು ಹಿಂದಿನ ಮೊತ್ತಕ್ಕೇ ಸೇರಿಸಬೇಕಾಗಿರುವುದರಿಂದ, ಹಿಂದಿನದು ಮುಗಿಯುವವರೆಗೆ ಮುಂದಿನದು ಕಾಯುತ್ತ ಕೂರುತ್ತದೆ. ಇದಲ್ಲದೆ, ಹಲವು ಸಂಖ್ಯೆಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಎವಿಎಕ್ಸ್2 ಸೌಲಭ್ಯವಿರುವ ಪ್ರೊಸೆಸರ್‌ನಲ್ಲಿ, ಲೆಕ್ಕದ ಸಂಖ್ಯೆಗಳನ್ನು ಇಟ್ಟುಕೊಳ್ಳಲು 256 ಬಿಟ್‌ಗಳ ಅಗಲದ ರಿಜಿಸ್ಟರ್ ಎಂಬ ಜಾಗಗಳಿರುತ್ತವೆ. ಒಂದೇ ಆದೇಶದಲ್ಲಿ ಎಂಟು ಫ್ಲೋಟ್‌ಗಳನ್ನು ಇನ್ನೆಂಟು ಫ್ಲೋಟ್‌ಗಳಿಗೆ ಅಂಥ ಪ್ರೊಸೆಸರ್‌ ಕೂಡಬಲ್ಲದು. ಕ್ರಮವನ್ನು ಬದಲಿಸುವ ಅನುಮತಿ ಸಿಕ್ಕರೆ ಕಂಪೈಲರ್ ಒಂದು ಮೊತ್ತದ ಬದಲು ಎಂಟು ಉಪಮೊತ್ತಗಳನ್ನು ಇಟ್ಟುಕೊಂಡು, ಒಂದನೆಯ, ಒಂಬತ್ತನೆಯ, ಹದಿನೇಳನೆಯ ಮೌಲ್ಯಗಳನ್ನು ಮೊದಲ ಉಪಮೊತ್ತಕ್ಕೂ, ಎರಡನೆಯ, ಹತ್ತನೆಯ, ಹದಿನೆಂಟನೆಯ ಮೌಲ್ಯಗಳನ್ನು ಎರಡನೆಯದಕ್ಕೂ ಹಂಚುತ್ತ ಹೋಗಿ, ಕೊನೆಗೆ ಎಂಟನ್ನೂ ಕೂಡುತ್ತದೆ. ಮೌಲ್ಯಗಳು ಪ್ರೊಸೆಸರ್‌ಗೆ ಹತ್ತಿರದ ಚಿಕ್ಕ ಮೆಮೊರಿಯಾದ ಕ್ಯಾಶ್‌ನಲ್ಲೇ ಇದ್ದರೆ ಇದರಿಂದ ಸಿಗುವ ವೇಗ ಕಣ್ಣಿಗೆ ಕಾಣುವಷ್ಟಿರುತ್ತದೆ.

ಹಾಗಾದರೆ ಈ ಹಂಚಿಕೆಯಿಂದ ನಿಖರತೆ ಹಾಳಾಗುತ್ತದೆಯೇ? ಹೆಚ್ಚಿನವರು ಹೌದೆಂದೇ ನಂಬಿದ್ದಾರೆ. ಆದರೆ ವಿಷಯ ಅಷ್ಟು ಸರಳವಾಗಿಲ್ಲ, ಮತ್ತು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಗಾಳಿಯಂತ್ರ ಚಾಲನೆಯಲ್ಲಿರುವ ಪ್ರತಿ ಸೆಕೆಂಡಿಗೂ 1 ಎಂದು ಬರೆದಿಟ್ಟ ಒಂದು ಪಟ್ಟಿಯನ್ನು ತೆಗೆದುಕೊಳ್ಳಿ. ಯಂತ್ರ ವರ್ಷವಿಡೀ ನಿಲ್ಲದೆ ತಿರುಗಿದೆಯೆಂದರೆ ಮೊತ್ತ 3,15,36,000 ಬರಬೇಕು. ಅದನ್ನು ಫ್ಲೋಟ್ ಮಾದರಿಯ ಒಂದೇ ಮೊತ್ತಕ್ಕೆ ಸಾಲಾಗಿ ಕೂಡುತ್ತ ಹೋದರೆ 1,67,77,216 ಆದ ಕೂಡಲೇ ಎಣಿಕೆ ನಿಂತುಬಿಡುತ್ತದೆ. ಆ ಸಂಖ್ಯೆ 2ರ 24ನೆಯ ಘಾತ. ಅಲ್ಲಿಂದ ಮುಂದೆ ಫ್ಲೋಟ್‌ನ ಅಂತರ 2 ಆಗುವುದರಿಂದ 1 ಕೂಡಿಸಿದರೂ ಮೊತ್ತ ಕದಲುವುದಿಲ್ಲ. ಜನವರಿ 1ರಿಂದ ಎಣಿಸಿದರೆ ಜುಲೈ 14ರ ನಸುಕಿನಲ್ಲಿ, ಅಂದರೆ ಮುಂಗಾರಿನ ಗಾಳಿ ಜೋರಾಗಿರುವ ದಿನಗಳಲ್ಲೇ, ಲೆಕ್ಕ ನಿಂತು ವರ್ಷದ ಸುಮಾರು ಅರ್ಧದಷ್ಟು ಕಾಣೆಯಾಗುತ್ತದೆ. ಮಾನದಂಡವನ್ನು ಅಕ್ಷರಶಃ ಪಾಲಿಸಿದ ಪ್ರೋಗ್ರಾಮ್ ಕೊಡುವ ಉತ್ತರವಿದು. ಅದೇ ಪ್ರೋಗ್ರಾಮನ್ನು ಕ್ರಮ ಬದಲಿಸುವ ಅನುಮತಿಯೊಂದಿಗೆ ಎಂಟು ಉಪಮೊತ್ತಗಳಾಗಿ ಒಡೆದರೆ, ಪ್ರತಿ ಉಪಮೊತ್ತ 39,42,000ಕ್ಕೆ ಮುಗಿದು, ಆ ಮಿತಿಯನ್ನು ತಲುಪುವುದೇ ಇಲ್ಲ. ಒಟ್ಟು 3,15,36,000 ಎಂದು ಸರಿಯಾಗಿ ಬರುತ್ತದೆ.

ವೇಗದ ಆಯ್ಕೆ ಇಲ್ಲಿ ಹೆಚ್ಚು ನಿಖರವಾದ ಉತ್ತರವನ್ನು ಕೊಟ್ಟಿತು. ಇದು ವಿರಳ ಸಂಗತಿಯೇನಲ್ಲ. ಎಲ್ಲ ಮೌಲ್ಯಗಳೂ ಧನ ಸಂಖ್ಯೆಗಳಾಗಿರುವ ಉದ್ದನೆಯ ಪಟ್ಟಿಯನ್ನು ತುಂಡುತುಂಡಾಗಿ ಕೂಡುವುದರಿಂದ ರೌಂಡಿಂಗ್ ದೋಷ ಕಡಿಮೆಯಾಗುವುದೇ ಸಾಮಾನ್ಯ. ಹಾಗಾಗಿ ‘ವೇಗ ಬೇಕೆಂದರೆ ನಿಖರತೆ ಬಿಡಬೇಕು’ ಎಂಬ ಮಾತು ಈ ವಿಷಯವನ್ನು ತಪ್ಪಾಗಿ ಹೇಳುತ್ತದೆ. ನಾವು ಬಿಟ್ಟುಕೊಡುವುದು ಖಾತ್ರಿಯನ್ನು. ಬರೆದ ಕ್ರಮದಲ್ಲೇ ಲೆಕ್ಕ ನಡೆಯುತ್ತದೆ ಎಂಬ ಖಾತ್ರಿ ಹೋದ ಮೇಲೆ, ಉತ್ತರ ಮೊದಲಿಗಿಂತ ಒಳ್ಳೆಯದಿರಬಹುದು, ಕೆಟ್ಟದ್ದಿರಬಹುದು. ಕಂಪೈಲರ್‌ನ ಆವೃತ್ತಿ ಬದಲಾದರೆ, ಪ್ರೊಸೆಸರ್ ಬದಲಾದರೆ, ಪಕ್ಕದ ಸಾಲನ್ನು ತಿದ್ದಿದ್ದಕ್ಕೂ ಬದಲಾಗಬಹುದು. ಪ್ರಯೋಗಾಲಯದ ಕಂಪ್ಯೂಟರ್‌ನಲ್ಲಿ ಬಂದ ಉತ್ತರ ಹಾಸ್ಟೆಲ್‌ನ ಲ್ಯಾಪ್‌ಟಾಪ್‌ನಲ್ಲಿ ಬರದಿದ್ದರೆ, ತಪ್ಪು ಪ್ರೋಗ್ರಾಮಿನಲ್ಲಿದೆಯೋ ಅನುಮತಿಯಲ್ಲಿದೆಯೋ ಎಂದು ಹುಡುಕುವುದಕ್ಕೆ ಉಳಿಸಿದ ಸಮಯಕ್ಕಿಂತ ಹೆಚ್ಚು ಸಮಯ ಹೋಗುತ್ತದೆ.

ಖಾತ್ರಿಯನ್ನೇ ಆಧಾರವಾಗಿಟ್ಟುಕೊಂಡು ಬರೆದ ಪ್ರೋಗ್ರಾಮ್‌ಗಳಲ್ಲಿ ಈ ನಷ್ಟ ಎದ್ದು ಕಾಣುತ್ತದೆ. 1965ರಲ್ಲಿ ಕಹಾನ್ ಪ್ರಕಟಿಸಿದ ಒಂದು ಕೂಡುವ ವಿಧಾನವಿದೆ. ಪ್ರತಿ ಕೂಡುವಿಕೆಯಲ್ಲಿ ರೌಂಡಿಂಗ್‌ನಿಂದ ಕಳೆದುಹೋದ ಚೂರು ಎಷ್ಟೆಂದು ಅದು ಕಂಡುಹಿಡಿದು, ಮುಂದಿನ ಮೌಲ್ಯಕ್ಕೆ ಸೇರಿಸಿಕೊಳ್ಳುತ್ತದೆ. ಆ ಚೂರನ್ನು ಹಿಡಿಯುವ ಸಾಲು ಹೀಗಿದೆ: ಹೊಸ ಮೊತ್ತದಿಂದ ಹಳೆಯ ಮೊತ್ತವನ್ನು ಕಳೆ, ಬಂದದ್ದರಿಂದ ಈಗ ಸೇರಿಸಿದ ಮೌಲ್ಯವನ್ನು ಕಳೆ. ಬೀಜಗಣಿತದ ಪ್ರಕಾರ ಇದು ಯಾವಾಗಲೂ ಸೊನ್ನೆ. ಯಂತ್ರದ ಲೆಕ್ಕದಲ್ಲಿ ಅದು ಸೊನ್ನೆಯಾಗದಿರುವುದೇ ಈ ವಿಧಾನದ ಜೀವಾಳ. ಬೀಜಗಣಿತದ ನಿಯಮಗಳನ್ನು ಬಳಸುವ ಅನುಮತಿ ಪಡೆದ ಕಂಪೈಲರ್ ಆ ಸಾಲನ್ನು ನೋಡಿ, ಇದರ ಬೆಲೆ ಸೊನ್ನೆಯೆಂದು ನಿರ್ಧರಿಸಿ, ತಿದ್ದುಪಡಿಯನ್ನೇ ಅಳಿಸಿಹಾಕುತ್ತದೆ. ಬರೆದವರು ಎಚ್ಚರಿಕೆಯಿಂದ ಕಟ್ಟಿದ ಕೆಲಸ ಯಾವ ಎಚ್ಚರಿಕೆಯ ಸಂದೇಶವೂ ಇಲ್ಲದೆ ಮಾಮೂಲಿ ಕೂಡುವಿಕೆಯಾಗಿ ಉಳಿಯುತ್ತದೆ. ಪೈಥಾನ್ 3.12ರಿಂದ ಆ ಭಾಷೆಯ ಮಾಮೂಲಿ ಮೊತ್ತದ ಫಂಕ್ಷನ್ ಕೂಡ ಇಂಥದೇ ತಿದ್ದುಪಡಿಯ ವಿಧಾನವನ್ನು ಬಳಸುತ್ತಿರುವುದನ್ನು ನೋಡಿದರೆ, ಇದನ್ನು ಪಂಡಿತರಿಗಷ್ಟೇ ಬೇಕಾದ ಸೂಕ್ಷ್ಮವೆಂದು ತಳ್ಳಿಹಾಕುವಂತಿಲ್ಲ.

ಭಾಗಾಕಾರದ ಕಥೆ ಚಿಕ್ಕದು. ಭಾಗಿಸುವುದಕ್ಕೆ ಗುಣಿಸುವುದಕ್ಕಿಂತ ಹೆಚ್ಚು ಸೈಕಲ್‌ಗಳು ಬೇಕಾಗುವುದರಿಂದ, ಅನುಮತಿಯಿದ್ದರೆ ಕಂಪೈಲರ್ 10ರಿಂದ ಭಾಗಿಸುವ ಬದಲು 0.1ರಿಂದ ಗುಣಿಸುತ್ತದೆ. 3ನ್ನು 10ರಿಂದ ಭಾಗಿಸಿದರೆ 0.3, 0.1ರಿಂದ ಗುಣಿಸಿದರೆ 0.30000000000000004. ವ್ಯತ್ಯಾಸ ಕೊನೆಯ ಬಿಟ್‌ನದು, ಬಹಳಷ್ಟು ಕೆಲಸಗಳಿಗೆ ಇದರಿಂದ ತೊಂದರೆಯಿಲ್ಲ.

ಗುಣಿಸಿ-ಕೂಡುವ ಜೋಡಿ ಆದೇಶ ಇನ್ನೂ ಕುತೂಹಲಕರ. 1990ರಲ್ಲಿ ಐಬಿಎಂನ ಆರ್‌ಎಸ್/6000 ಯಂತ್ರಗಳಲ್ಲಿ ಬಂದು, 2008ರ ಪರಿಷ್ಕರಣೆಯಲ್ಲಿ ಮಾನದಂಡಕ್ಕೂ ಸೇರಿದ ಈ ಆದೇಶ, ಗುಣಲಬ್ಧವನ್ನು ರೌಂಡ್ ಮಾಡದೆ ನೇರವಾಗಿ ಕೂಡಿ, ಕೊನೆಗೆ ಒಮ್ಮೆ ಮಾತ್ರ ರೌಂಡ್ ಮಾಡುತ್ತದೆ. ಎರಡರ ಬದಲು ಒಂದೇ ರೌಂಡಿಂಗ್ ಆದ್ದರಿಂದ ವೇಗವೂ ಹೆಚ್ಚು, ಸಾಮಾನ್ಯವಾಗಿ ನಿಖರತೆಯೂ ಹೆಚ್ಚು. ಆದರೂ ಇದು ಅನಿರೀಕ್ಷಿತವಾಗಿ ಕಾಡಬಲ್ಲದು. ಅ ಗುಣಿಸು ಅ, ಅದರಿಂದ ಬ ಗುಣಿಸು ಬ ಕಳೆ, ಬಂದದ್ದರ ವರ್ಗಮೂಲ ತೆಗೆ ಎಂದು ಬರೆದಿದ್ದೇವೆಂದುಕೊಳ್ಳಿ. ಅ ಮತ್ತು ಬ ಸಮವಾಗಿದ್ದರೆ ಉತ್ತರ ಸೊನ್ನೆಯಾಗಲೇಬೇಕು. ಜೋಡಿ ಆದೇಶ ಬಂದಾಗ ಒಂದು ವರ್ಗ ರೌಂಡ್ ಆಗಿರುತ್ತದೆ, ಇನ್ನೊಂದು ಆಗಿರುವುದಿಲ್ಲ. ಅವುಗಳ ವ್ಯತ್ಯಾಸ ಸೊನ್ನೆಗಿಂತ ಒಂದು ಕೂದಲೆಳೆಯಷ್ಟು ಕೆಳಗಿದ್ದರೂ ಸಾಕು, ವರ್ಗಮೂಲ ಸಿಗುವುದಿಲ್ಲ. ಜಿಸಿಸಿ ತನ್ನ ಸಾಮಾನ್ಯ ಸ್ಥಿತಿಯಲ್ಲೇ ಈ ಜೋಡಿಸುವಿಕೆಗೆ ಒಪ್ಪಿಗೆ ಕೊಟ್ಟಿರುತ್ತದೆ ಎಂಬುದನ್ನು ಗಮನಿಸಬೇಕು. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳ x86 ಮಾದರಿಯ ಮೂಲ 64 ಬಿಟ್ ಆದೇಶಗಳಲ್ಲಿ ಆ ಸೌಲಭ್ಯವಿಲ್ಲದ ಕಾರಣ ಲ್ಯಾಪ್‌ಟಾಪ್‌ನಲ್ಲಿ ಏನೂ ಆಗದ ಪ್ರೋಗ್ರಾಮ್, 64 ಬಿಟ್‌ನ ಆರ್ಮ್ ಎಂಬ ಬೇರೆ ಮಾದರಿಯ ಪ್ರೊಸೆಸರ್‌ಗೆ ಹೋದಾಗ ಬೇರೆ ಉತ್ತರ ಕೊಡುವುದು ಇದರಿಂದಲೇ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯಕಾರಿಯಾದ ಅನುಮತಿ ರೌಂಡಿಂಗ್‌ಗೆ ಸಂಬಂಧಿಸಿದ್ದೇ ಅಲ್ಲ. ಮೇಲೆ ಹೇಳಿದ ಓಫಾಸ್ಟ್ ಆಯ್ಕೆ ‘ಫಾಸ್ಟ್-ಮ್ಯಾಥ್’ ಎಂಬ ಒಂದು ಕಟ್ಟನ್ನು ತನ್ನೊಂದಿಗೆ ತರುತ್ತದೆ. ಆ ಕಟ್ಟಿನಲ್ಲಿರುವ ‘ಫೈನೈಟ್-ಮ್ಯಾಥ್-ಓನ್ಲಿ’ ಎಂಬುದು ಕಂಪೈಲರ್‌ಗೆ ನಾವು ಕೊಡುವ ಒಂದು ವಚನ: ಈ ಪ್ರೋಗ್ರಾಮಿನಲ್ಲಿ ಅನಂತವೂ ಬರುವುದಿಲ್ಲ, ನ್ಯಾನ್ ಎಂದು ಕರೆಯುವ ‘ಸಂಖ್ಯೆಯಲ್ಲದ’ ಮೌಲ್ಯವೂ ಬರುವುದಿಲ್ಲ. ಕಪ್ಪತಗುಡ್ಡದ ದಾಖಲೆಗೆ ಮರಳಿದರೆ, ವೇಗಮಾಪಕ ಕೆಟ್ಟ ಹೊತ್ತಿನಲ್ಲಿ ಖಾಲಿ ಬಿದ್ದ ಸಾಲುಗಳು ಅಲ್ಲಿ ಇದ್ದೇ ಇರುತ್ತವೆ, ಮತ್ತು ಖಾಲಿ ಸಾಲನ್ನು ನ್ಯಾನ್ ಎಂದು ಗುರುತಿಸುವುದು ರೂಢಿ. ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲೂ ಇದೇ ಕ್ರಮ. ಒಂದು ನ್ಯಾನ್ ಮೊತ್ತಕ್ಕೆ ಸೇರಿದರೆ ಮೊತ್ತವೇ ನ್ಯಾನ್ ಆಗುವುದರಿಂದ, ಜಾಗರೂಕರಾದ ವಿದ್ಯಾರ್ಥಿ ಕೂಡುವ ಮೊದಲು ‘ಇದು ನ್ಯಾನ್ ಹೌದೇ’ ಎಂದು ಪರೀಕ್ಷಿಸುವ ಒಂದು ಸಾಲನ್ನು ಬರೆದಿರುತ್ತಾರೆ. ನ್ಯಾನ್ ಬರುವುದೇ ಇಲ್ಲವೆಂದು ವಚನ ಪಡೆದ ಕಂಪೈಲರ್, ಆ ಪರೀಕ್ಷೆಯ ಉತ್ತರ ಯಾವಾಗಲೂ ‘ಇಲ್ಲ’ ಎಂದೇ ತಿಳಿದು ಸಾಲನ್ನು ತೆಗೆದುಹಾಕುತ್ತದೆ. ಕಾವಲಿಗೆಂದು ಇಟ್ಟದ್ದೇ ಇಲ್ಲವಾಗಿ, ವರ್ಷದ ಸರಾಸರಿ ನ್ಯಾನ್ ಆಗಿ ಹೊರಬರುತ್ತದೆ.

ಪರೀಕ್ಷೆಯನ್ನು ಬೇರೆ ರೀತಿಯಲ್ಲಿ ಬರೆದು ತಪ್ಪಿಸಿಕೊಳ್ಳುತ್ತೇವೆ ಎಂದುಕೊಂಡವರಿಗೂ ಇಲ್ಲಿ ಸಮಾಧಾನವಿಲ್ಲ. ‘ವೇಗ ಸೊನ್ನೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಕೂಡು’ ಎಂದು ಬರೆದರೆ, ನ್ಯಾನ್ ಜೊತೆಗಿನ ಹೆಚ್ಚು, ಕಡಿಮೆ, ಸಮ ಎಂಬ ಯಾವ ಹೋಲಿಕೆಯೂ ಸುಳ್ಳೇ ಆಗುವುದರಿಂದ, ಮಾನದಂಡದಂತೆ ನ್ಯಾನ್ ಹೊರಗೇ ಉಳಿಯಬೇಕು. ಆದರೆ ಫಾಸ್ಟ್-ಮ್ಯಾಥ್‌ನಲ್ಲಿ ಕಂಪೈಲರ್ ಈ ಷರತ್ತನ್ನು ‘ಸೊನ್ನೆಗಿಂತ ಕಡಿಮೆಯಿದ್ದರೆ ಬಿಡು’ ಎಂದು ತಿರುಗಿಸಿಕೊಳ್ಳಲು ಸ್ವತಂತ್ರ. ಹಾಗೆ ತಿರುಗಿಸಿದಾಗ ನ್ಯಾನ್ ಒಳಗೆ ಬಂದುಬಿಡುತ್ತದೆ. ಸರಿಯಾದ ದಾರಿ ಎಂದರೆ ದಾಖಲೆಯನ್ನು ಓದಿ ಶುದ್ಧಗೊಳಿಸುವ ಕೆಲಸವನ್ನು ಬೇರೆ ಕಡತದಲ್ಲಿಟ್ಟು, ಅದನ್ನು ಈ ಅನುಮತಿಯಿಲ್ಲದೆ ಕಂಪೈಲ್ ಮಾಡುವುದು, ಅಥವಾ ಫಾಸ್ಟ್-ಮ್ಯಾಥ್‌ನ ಮುಂದೆ ‘ನೋ-ಫೈನೈಟ್-ಮ್ಯಾಥ್-ಓನ್ಲಿ’ ಎಂದು ಸೇರಿಸಿ ಆ ಒಂದು ವಚನವನ್ನು ಹಿಂಪಡೆಯುವುದು.

ಇನ್ನೊಂದು ಅನುಮತಿ ನಮ್ಮ ಪ್ರೋಗ್ರಾಮಿನ ಗಡಿಯನ್ನೇ ದಾಟುತ್ತದೆ. ಡಬಲ್ ಮಾದರಿಯ ಅತಿ ಚಿಕ್ಕ ಸಾಮಾನ್ಯ ಸಂಖ್ಯೆಗಿಂತಲೂ ಕೆಳಗೆ, ಸೊನ್ನೆಗೆ ತೀರ ಹತ್ತಿರದಲ್ಲಿ, ಅಂಕಿಗಳನ್ನು ಒಂದೊಂದಾಗಿ ಕಳೆದುಕೊಳ್ಳುತ್ತ ಇಳಿಯುವ ಸಬ್‌ನಾರ್ಮಲ್ ಸಂಖ್ಯೆಗಳಿವೆ. ಎರಡು ಸಂಖ್ಯೆಗಳು ಬೇರೆಬೇರೆಯಾಗಿದ್ದರೆ ಅವುಗಳ ವ್ಯತ್ಯಾಸ ಎಂದೂ ಸೊನ್ನೆಯಾಗದು ಎಂಬ ಖಾತ್ರಿ ಸಿಗುವುದು ಇವುಗಳಿಂದ. ಕೆಲವು ಪ್ರೊಸೆಸರ್‌ಗಳಲ್ಲಿ ಇವುಗಳ ಲೆಕ್ಕ ಬಹಳ ನಿಧಾನವಾಗಿರುವುದರಿಂದ, ಫಾಸ್ಟ್-ಮ್ಯಾಥ್ ಬಳಸಿ ಲಿಂಕ್ ಮಾಡಿದಾಗ (ಕಂಪೈಲ್ ಆದ ತುಂಡುಗಳನ್ನು ಒಂದಾಗಿ ಜೋಡಿಸಿದಾಗ) ಜಿಸಿಸಿ ಇವನ್ನೆಲ್ಲ ಸೊನ್ನೆಯೆಂದೇ ಭಾವಿಸುವಂತೆ ಪ್ರೊಸೆಸರ್‌ನ ಒಂದು ಸ್ಥಿತಿಯನ್ನು ಬದಲಿಸುವ ಚೂರು ಕೋಡನ್ನು ಸೇರಿಸುತ್ತದೆ. ಆ ಸ್ಥಿತಿ ಇಡೀ ಥ್ರೆಡ್‌ಗೆ, ಅಂದರೆ ಪ್ರೋಗ್ರಾಮಿನ ಆ ಓಟದಲ್ಲಿ ನಡೆಯುವ ಎಲ್ಲ ಲೆಕ್ಕಕ್ಕೂ, ಅನ್ವಯಿಸುತ್ತದೆ. ಜಿಸಿಸಿ 13ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಹಂಚಿಕೆಯ ಲೈಬ್ರರಿಗಳಿಗೂ (ಹಲವು ಪ್ರೋಗ್ರಾಮ್‌ಗಳು ಬಳಸುವ ಸಿದ್ಧ ಕೋಡಿನ ಕಡತಗಳಿಗೂ) ಆ ಕೋಡು ಸೇರುತ್ತಿದ್ದುದರಿಂದ, ಯಾರೋ ಫಾಸ್ಟ್-ಮ್ಯಾಥ್‌ನಿಂದ ಕಟ್ಟಿದ ಲೈಬ್ರರಿಯೊಂದನ್ನು ಲೋಡ್ ಮಾಡಿದ ಮಾತ್ರಕ್ಕೆ, ಎಚ್ಚರಿಕೆಯಿಂದ ಬರೆದ ನಮ್ಮ ಲೆಕ್ಕವೂ ಬದಲಾಗುತ್ತಿತ್ತು. ಒಬ್ಬರು ಕೊಟ್ಟ ಅನುಮತಿಯ ಪರಿಣಾಮವನ್ನು ಅದನ್ನು ಕೊಡದ ಇನ್ನೊಬ್ಬರು ಅನುಭವಿಸುವುದು ನ್ಯಾಯವಲ್ಲ. 13ನೆಯ ಆವೃತ್ತಿಯಲ್ಲಿ ಹಂಚಿಕೆಯ ಲೈಬ್ರರಿಗಳ ಮಟ್ಟಿಗೆ ಇದನ್ನು ಸರಿಪಡಿಸಿದ್ದು ಒಳ್ಳೆಯದಾಯಿತು.

ಕಟ್ಟಿನಲ್ಲಿರುವ ಎಲ್ಲವೂ ಹೀಗಿಲ್ಲ. ‘ನೋ-ಮ್ಯಾಥ್-ಎರ್‌ನೋ’ ಎಂಬುದು ವರ್ಗಮೂಲದಂಥ ಫಂಕ್ಷನ್‌ಗಳು ದೋಷಸಂಖ್ಯೆಯನ್ನು ಬರೆದಿಡುವ ಹಳೆಯ ಪದ್ಧತಿಯನ್ನಷ್ಟೇ ಕೈಬಿಡುತ್ತದೆ; ಅದರಿಂದ ವರ್ಗಮೂಲ ಒಂದೇ ಆದೇಶವಾಗಿ ನಡೆಯುತ್ತದೆ, ಉತ್ತರ ಒಂದು ಬಿಟ್ ಕೂಡ ಬದಲಾಗುವುದಿಲ್ಲ. ಲೆಕ್ಕದಲ್ಲಿ ದೋಷ ಬಂದಾಗ ಪ್ರೋಗ್ರಾಮನ್ನು ತಡೆಯುವ ಏರ್ಪಾಡನ್ನು ಬಿಟ್ಟುಕೊಡುವ ‘ನೋ-ಟ್ರ್ಯಾಪಿಂಗ್-ಮ್ಯಾಥ್’ ಕೂಡ ಮೌಲ್ಯಗಳನ್ನು ಬದಲಿಸುವುದಿಲ್ಲ. ಇವೆರಡನ್ನು ಬಹುತೇಕ ಎಲ್ಲ ಪ್ರೋಗ್ರಾಮ್‌ಗಳಲ್ಲೂ ನಿಶ್ಚಿಂತೆಯಿಂದ ಬಳಸಬಹುದು. ಕಂಪೈಲರ್‌ಗಳ ನಡುವೆಯೂ ಸ್ವಭಾವದ ವ್ಯತ್ಯಾಸವಿದೆ: ಮೈಕ್ರೋಸಾಫ್ಟ್‌ನ ಸಿ ಕಂಪೈಲರ್ ಏನೂ ಹೇಳದಿದ್ದರೆ ‘ಪ್ರಿಸೈಸ್’ ಸ್ಥಿತಿಯಲ್ಲಿರುತ್ತದೆ, ಇಂಟೆಲ್‌ನದು ‘ಫಾಸ್ಟ್’ ಸ್ಥಿತಿಯಲ್ಲಿರುತ್ತದೆ. ಜಾವಾ ಭಾಷೆ 2021ರ 17ನೆಯ ಆವೃತ್ತಿಯಿಂದ ಎಲ್ಲ ಲೆಕ್ಕವನ್ನೂ ಕಟ್ಟುನಿಟ್ಟಾಗಿಯೇ ಮಾಡುತ್ತದೆ. ಫೋರ್ಟ್ರಾನ್ ಗಣಿತದಲ್ಲಿ ಸಮವಾಗಿರುವ ರೂಪಗಳಿಗೆ ಬದಲಿಸಲು ಮೊದಲಿನಿಂದಲೂ ಒಪ್ಪುತ್ತದೆ, ಆದರೆ ಬರೆದವರು ಹಾಕಿದ ಆವರಣಚಿಹ್ನೆಗಳನ್ನು ಗೌರವಿಸಬೇಕೆಂದು ವಿಧಿಸುತ್ತದೆ. ಬರೆಯುವವರ ಕೈಗೇ ಅಧಿಕಾರ ಕೊಡುವ ಈ ಏರ್ಪಾಡು ನನಗೆ ಬಹಳ ವಿವೇಕದ್ದೆನಿಸುತ್ತದೆ.

ಗಾಳಿಯ ಲೆಕ್ಕಕ್ಕೆ ಯಾವ ಅನುಮತಿ ಕೊಡಬೇಕೆಂಬುದನ್ನು ಈಗ ನಿರ್ಧರಿಸಬಹುದು. 52,560 ಧನ ಸಂಖ್ಯೆಗಳನ್ನು ಡಬಲ್‌ನಲ್ಲಿ ಯಾವ ಕ್ರಮದಲ್ಲಿ ಕೂಡಿದರೂ ರೌಂಡಿಂಗ್ ದೋಷ ಮೊತ್ತದ ಹತ್ತು ಸಾವಿರ ಕೋಟಿಯಲ್ಲಿ ಒಂದು ಭಾಗವನ್ನು ಮೀರುವುದಿಲ್ಲ. ಅತ್ತ ವೇಗಮಾಪಕದಲ್ಲೇ ಶೇಕಡಾ 1ರಷ್ಟು ದೋಷವಿದ್ದರೆ ಘನ ತೆಗೆದಾಗ ಅದು ಸುಮಾರು ಶೇಕಡಾ 3 ಆಗುತ್ತದೆ. ಹೀಗಿರುವಾಗ ಕೂಡುವ ಕ್ರಮದ ಬಗ್ಗೆ ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಆ ಅನುಮತಿಯನ್ನು ಕೊಡೋಣ. ಆದರೆ ಅದಕ್ಕಾಗಿ ಇಡೀ ಕಟ್ಟನ್ನು ಕೊಡಬೇಕಾಗಿಲ್ಲ. ಸಮಾಂತರ ಲೆಕ್ಕಕ್ಕಾಗಿ ಕಂಪೈಲರ್‌ಗೆ ಸೂಚನೆ ಕೊಡುವ ಪದ್ಧತಿಯಾದ ಓಪನ್‌ಎಂಪಿಯ ‘ಸಿಮ್ಡ್ ರಿಡಕ್ಷನ್’ ಎಂಬ ಒಂದು ಸಾಲನ್ನು ಕೂಡುವ ಲೂಪ್‌ನ ಮೇಲೆ ಬರೆದರೆ, ಆ ಲೂಪ್‌ನ ಆ ಮೊತ್ತಕ್ಕೆ ಮಾತ್ರ ಕ್ರಮ ಬದಲಿಸುವ ಸ್ವಾತಂತ್ರ್ಯ ಸಿಗುತ್ತದೆ, ನ್ಯಾನ್ ಪರೀಕ್ಷೆ ಸುರಕ್ಷಿತವಾಗಿರುತ್ತದೆ. ಇದಾಗದಿದ್ದರೆ ಆ ಒಂದು ಕಡತಕ್ಕೆ ಮಾತ್ರ, ಕ್ರಮ ಬದಲಿಸಲು ಬಿಡುವ ‘ಅಸೋಸಿಯೇಟಿವ್-ಮ್ಯಾಥ್’ ಆಯ್ಕೆಯನ್ನು ಕೊಡಬಹುದು. ಜಿಸಿಸಿಯಲ್ಲಿ ಅದು ಕೆಲಸ ಮಾಡಬೇಕಾದರೆ, +0 ಮತ್ತು -0ರ ಭೇದವನ್ನು ಕಡೆಗಣಿಸುವ ‘ನೋ-ಸೈನ್ಡ್-ಝೀರೋಸ್’ ಮತ್ತು ‘ನೋ-ಟ್ರ್ಯಾಪಿಂಗ್-ಮ್ಯಾಥ್’ ಜೊತೆಗಿರಬೇಕು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ವಹಿವಾಟಿನಂಥ ಹಣದ ಲೆಕ್ಕಕ್ಕೆ ಮಾತ್ರ ಈ ಚರ್ಚೆಯೇ ಬೇಡ. ಫ್ಲೋಟ್ ಮಾದರಿಯಲ್ಲಿ ಮೊತ್ತ 1,31,072 ರೂಪಾಯಿ ದಾಟಿದ ಮೇಲೆ ಅಕ್ಕಪಕ್ಕದ ಸಂಖ್ಯೆಗಳ ಅಂತರ ಒಂದೂವರೆ ಪೈಸೆಗಿಂತ ಹೆಚ್ಚಾಗುತ್ತದೆ, ಅಂದರೆ ಕೆಲವು ಚೀಲಗಳ ಬೆಲೆ ಸೇರುವಷ್ಟರಲ್ಲಿ ಪೈಸೆಯ ಲೆಕ್ಕ ತಪ್ಪುತ್ತದೆ. ಡಬಲ್‌ನಲ್ಲಿ ಅಂತರ ಬಹಳ ಚಿಕ್ಕದಾದರೂ ಹತ್ತು ಪೈಸೆಯೆಂಬ 0.1 ರೂಪಾಯಿ ನಿಖರವಾಗಿ ಕೂರುವುದಿಲ್ಲ. ಎಲ್ಲವನ್ನೂ ಪೈಸೆಗಳಲ್ಲಿ, 64 ಬಿಟ್‌ಗಳ ಪೂರ್ಣಾಂಕಗಳಾಗಿ ಇಟ್ಟರೆ ಯಾವ ಮಾರುಕಟ್ಟೆಯ ವಹಿವಾಟೂ ಅಂಥ ಪೂರ್ಣಾಂಕದ ಮಿತಿಯನ್ನು ಮುಟ್ಟುವುದಿಲ್ಲ. ಪೂರ್ಣಾಂಕಗಳಿಗೆ ಸಹವರ್ತನೀಯ ನಿಯಮ ಪೂರ್ತಿಯಾಗಿ ಅನ್ವಯಿಸುವುದರಿಂದ, ಯಾವ ವಿಶೇಷ ಅನುಮತಿಯನ್ನೂ ಕೇಳದೆ, ಓ3 ಆಯ್ಕೆಯಲ್ಲೇ ಕಂಪೈಲರ್ ಅವನ್ನು ಉಪಮೊತ್ತಗಳಾಗಿ ಒಡೆದು ಕೂಡುತ್ತದೆ, ಮತ್ತು ಉತ್ತರ ಎಲ್ಲ ಯಂತ್ರಗಳಲ್ಲೂ ಪೈಸೆಗೆ ಪೈಸೆ ಒಂದೇ ಬರುತ್ತದೆ.